ಶೇ. 62 ಫೇಬಿಯನ್

ಉಡುಪಿ ರಥಬೀದಿಯ ಹೋಟೆಲಿನಲ್ಲಿ ಬನ್ಸ್ ಬರುವ ಮೊದಲೇ ನವೀನ ಮೊಬೈಲ್ ಎತ್ತಿ ಹಿಡಿದ.

"ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ಸಾಕು, ನಾವು ಯಾವ ಬಗೆಯ ಸಮಾಜವಾದಿ ಅಂತ ಹೇಳುತ್ತದೆ. ನಾನು ಶೇ. 62 ಫೇಬಿಯನ್, 23 ಮಾರ್ಕ್ಸ್, 15 ಲೋಹಿಯಾ."

"ಸಕ್ಕರೆ ಎಷ್ಟು ಉಂಟು?" ಎಂದ ಶೀನಣ್ಣ. "ಖಾಲಿ ಹೊಟ್ಟೆಯದ್ದಾ, ಊಟ ಆದ ಮೇಲಿನದ್ದಾ?"

"ತಮಾಷೆ ಅಲ್ಲ ಮಾರಾಯ," ಮಾಷ್ಟ್ರು ಶುರು ಮಾಡಿದರು. "ಫೇಬಿಯನ್ನರು 1884ರಲ್ಲಿ ಲಂಡನ್ನಿನಲ್ಲಿ ಸಂಘ ಕಟ್ಟಿದವರು. ಕ್ರಾಂತಿ ಬೇಡ, ಕಾನೂನು ಮಾಡಿ ಮೆಲ್ಲ ಮೆಲ್ಲ ಬದಲಾಯಿಸುವ ಅಂತ. ಆಮೆ ಅವರ ಗುರುತು."

"ಹಾಗಾದರೆ ಬನ್ಸ್ ತರುವವನೂ ಫೇಬಿಯನ್ನೇ."

"ಮಾರ್ಕ್ಸ್ ಕಡೆಯವರು ಹೋರಾಟ ಇಲ್ಲದೆ ಏನೂ ಸಿಗುವುದಿಲ್ಲ ಅಂದರು. ಲೋಹಿಯಾ, ಈ ದೇಶದಲ್ಲಿ ಬಡವ-ಬಲ್ಲಿದ ಅಂತ ಮಾತ್ರ ನೋಡಿದರೆ ಸಾಲದು, ಜಾತಿಯನ್ನೂ ನೋಡಿ ಅಂದರು."

"ಅವರೆಲ್ಲ ಒಟ್ಟಿಗೆ ಇದ್ದದ್ದು ಯಾವಾಗ?" ಬ್ಯಾಂಕಿನ ಶೆಣೈ ಮಾಮ್ ಕೇಳಿದರು. "1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷ ಕಟ್ಟಿದರು. ಅದರಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದರು. ಆಮೇಲೆ ಒಡೆಯುವುದೇ ಕೆಲಸ. 1964ರಲ್ಲಿ ಸೇರಿ ಸಂಯುಕ್ತ ಸಮಾಜವಾದಿ ಪಕ್ಷ ಆದರು, ಮರುವರ್ಷವೇ ಮತ್ತೆ ಒಡೆದರು. ನಮ್ಮ ಸಿಂಡಿಕೇಟ್ ಬ್ಯಾಂಕ್ ನೋಡಿ. ಇದೇ ಊರಲ್ಲಿ ಹುಟ್ಟಿತು, 1969ರಲ್ಲಿ ಸರಕಾರದ್ದಾಯಿತು, 2020ರಲ್ಲಿ ಕೆನರಾದೊಳಗೆ ಸೇರಿ ಬೋರ್ಡೇ ಹೋಯಿತು."

"ಒಬ್ಬರು ಒಡೆದು ಒಡೆದು ಮುಗಿದರು, ಇನ್ನೊಬ್ಬರು ಸೇರಿ ಮುಗಿದರು," ಎಂದ ಶೀನಣ್ಣ.

ಬನ್ಸ್ ಬಂತು. ಇಷ್ಟು ಹೊತ್ತು ಸುಮ್ಮನಿದ್ದ ಭಟ್ರು, "ನನ್ನದೂ ಒಂದು ಟೆಸ್ಟ್ ಮಾಡು," ಅಂದರು. ಈಗಿನ ಹುಚ್ಚು ಹಾಗೆಯೇ, ಬೇಡ ಬೇಡ ಅನ್ನುವವರಿಗೂ ತಮ್ಮ ರಿಪೋರ್ಟ್ ನೋಡುವ ಆಸೆ. ನವೀನ ಮೊದಲ ಪ್ರಶ್ನೆ ಓದಿದ: "ಜಮೀನು ಯಾರದಾಗಬೇಕು?"

ಭಟ್ರೂ ಶೀನಣ್ಣನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೇವರಾಜ ಅರಸರ ಕಾಲದಲ್ಲಿ, ಭೂಸುಧಾರಣೆ ಕಾಯ್ದೆಗೆ 1974ರ ತಿದ್ದುಪಡಿ ಬಂದ ಮೇಲೆ, ಗೇಣಿಗೆ ಮಾಡುತ್ತಿದ್ದ ಭಟ್ರ ಮನೆಯ ಬೈಲು ಗದ್ದೆ ತನಗೆ ಸೇರಬೇಕು ಅಂತ ಡಿಕ್ಲರೇಶನ್ ಕೊಟ್ಟದ್ದು ಶೀನಣ್ಣನ ಅಪ್ಪ.

"ನಿಮ್ಮ ಅಪ್ಪ ಯಾವ ಬಗೆಯ ಸಮಾಜವಾದಿ?" ನವೀನ ಕೇಳಿದ.

"ಆ ಹೆಸರೇ ಅವರು ಕೇಳಿದವರಲ್ಲ. ಗೇಣಿಯ ಮುಡಿ ಕಟ್ಟಿ ಕೊಟ್ಟ ಮೇಲೆ ಆಟಿ ತಿಂಗಳಿಗೆ ಎಷ್ಟು ಅಕ್ಕಿ ಉಳಿಯುತ್ತದೆ ಅಂತ ಗೊತ್ತಿತ್ತು."

"ಅರ್ಜಿ ಕೊಡುವ ಮುನ್ನಾ ದಿನ ನಮ್ಮ ಅಂಗಳಕ್ಕೆ ಬಂದು ಹೇಳಿ ಹೋಗಿದ್ದ," ಎಂದರು ಭಟ್ರು. "ಅಪ್ಪ ಬಾಯಿಗೆ ಬಂದ ಹಾಗೆ ಬೈದರು. ಅಮ್ಮ ಬೆಲ್ಲ-ನೀರು ಕೊಟ್ಟಳು. ಅವನು ಕುಡಿದು, ಲೋಟ ತೊಳೆದು ಕವುಚಿ ಇಟ್ಟು ಹೋದ."

ಲೋಟ ತೊಳೆಯಬೇಕಾಗಿದ್ದದ್ದು ಯಾಕೆ ಅಂತ ಯಾರೂ ಕೇಳಲಿಲ್ಲ. ಮಾಷ್ಟ್ರು ಕೂಡ ಲೋಹಿಯಾರನ್ನು ಎಳೆದು ತರಲಿಲ್ಲ.

"ಉತ್ತರ ಹೇಳಿ," ನವೀನ ಅವಸರಿಸಿದ.

"ಉಳುವವನದ್ದು ಅಂತ ಒತ್ತು," ಎಂದರು ಭಟ್ರು.

"ಒತ್ತಬೇಡ ಮಾರಾಯ!" ಶೀನಣ್ಣ ಮೊಬೈಲಿಗೆ ಕೈ ಅಡ್ಡ ಹಿಡಿದ. "ಮಗ ದುಬೈಯಲ್ಲಿ, ಗದ್ದೆ ಹಡಿಲು ಬಿದ್ದಿದೆ. ಉಳುವವನು ಯಾರು ಅಂತ ಈಗ ಹುಡುಕಿಕೊಂಡು ಬಂದರೆ ನಾನು ಯಾರನ್ನು ತೋರಿಸಲಿ?"