ಪದಚರ್ಚೆ: ಪಿಯಾಜೆಯ ‘ಸಂರಕ್ಷಣೆ’ಗೆ ಬೇರೆ ಪದ ಉಂಟೇ?

ಉಡುಪಿಯಲ್ಲಿ ಡಿ.ಎಡ್. ವಿದ್ಯಾರ್ಥಿಗಳಿಗೆ ಮಕ್ಕಳ ಮನೋವಿಜ್ಞಾನ ಕಲಿಸುವವನು ನಾನು. ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆಯ ‘ಕನ್ಸರ್ವೇಶನ್’ ಎಂಬ ಪರಿಕಲ್ಪನೆಗೆ ನಮ್ಮ ಟಿಪ್ಪಣಿಗಳಲ್ಲಿ ‘ಸಂರಕ್ಷಣೆ’ ಎಂದಿದೆ. ಈ ಪದ ಕಿವಿಗೆ ಬಿದ್ದೊಡನೆ ವಿದ್ಯಾರ್ಥಿಗಳ ಮನಸ್ಸು ಕಡಲಾಮೆಯ ಕಡೆಗೋ ಇಂಗುಗುಂಡಿಯ ಕಡೆಗೋ ಓಡುತ್ತದೆ. ತಪ್ಪು ಅವರದ್ದಲ್ಲ. ಭೌತವಿಜ್ಞಾನದ ‘ಶಕ್ತಿ ಸಂರಕ್ಷಣಾ ನಿಯಮ’ ಬಲ್ಲವರಿಗಷ್ಟೇ ಇಲ್ಲಿನ ಅರ್ಥ ಹೊಳೆದೀತು.

ವಿಷಯ ಸರಳ. ಒಂದೇ ಅಳತೆಯ ಎರಡು ಲೋಟಗಳಲ್ಲಿ ಒಂದೊಂದು ಕುಡ್ತೆ ಮಜ್ಜಿಗೆ ಸುರಿದರೆ ಐದು ವರ್ಷದ ಮಗು ಎರಡೂ ಸಮ ಎನ್ನುತ್ತದೆ. ಅದರ ಕಣ್ಣೆದುರಿಗೇ ಒಂದನ್ನು ಸಪೂರದ ಎತ್ತರದ ಲೋಟಕ್ಕೆ ಬಗ್ಗಿಸಿ ಕೇಳಿದರೆ, ಎತ್ತರದ್ದರಲ್ಲಿ ಹೆಚ್ಚು ಎನ್ನುತ್ತದೆ. ಆಕಾರ ಬದಲಾದರೂ ಪ್ರಮಾಣ ಬದಲಾಗುವುದಿಲ್ಲ ಎಂಬ ತಿಳಿವು ಸುಮಾರು ಏಳನೆಯ ವಯಸ್ಸಿಗೆ ಬರುತ್ತದೆ. ತೂಕದ ವಿಚಾರದಲ್ಲಿ ಇನ್ನೂ ತಡ. ಇಲ್ಲಿ ಯಾರೂ ಏನನ್ನೂ ರಕ್ಷಿಸುತ್ತಿಲ್ಲ!

‘ಪ್ರಮಾಣ ಸ್ಥಿರತೆ’ ಎನ್ನಬಹುದೆಂದು ಸಹೋದ್ಯೋಗಿಯೊಬ್ಬರ ಸಲಹೆ. ಕೇಳಲು ಚೆನ್ನಾಗಿದೆ, ಆದರೆ ‘ಸ್ಥಿರತೆ’ಯನ್ನು ಗ್ರಹಿಕೆಯ ಅಧ್ಯಾಯದವರು ಆಗಲೇ ಹಿಡಿದುಕೊಂಡಿದ್ದಾರೆ. ದೂರ ಸಾಗುವ ಬಸ್ಸು ಕಣ್ಣಿಗೆ ಕಿರಿದಾಗುತ್ತಾ ಹೋದರೂ ನಮಗದು ಅಷ್ಟೇ ದೊಡ್ಡ ಬಸ್ಸು. ಅದು ‘ಗಾತ್ರ ಸ್ಥಿರತೆ’, ಹಸುಗೂಸಿಗೂ ಉಂಟು. ಬಟ್ಟೆ ಮುಚ್ಚಿದ ಗಿಲಕಿ ಇನ್ನೂ ಅಲ್ಲಿಯೇ ಇದೆ ಎಂಬ ಅರಿವಿಗೆ ‘ವಸ್ತು ಸ್ಥಿರತೆ’ ಎನ್ನುವವರೂ ಇದ್ದಾರೆ. ಮೂರಕ್ಕೂ ಒಂದೇ ಬಾಲ ಅಂಟಿಸಿದರೆ ಪರೀಕ್ಷೆಯ ಉತ್ತರ ಪತ್ರಿಕೆ ಏನಾದೀತು ಎಂಬುದು ತಿದ್ದುವ ನನಗೆ ಗೊತ್ತು. ‘ಪ್ರಮಾಣದ ಅವಿಕಾರ’ ಅರ್ಥಕ್ಕೆ ಹತ್ತಿರ, ನಾಲಗೆಗೆ ದೂರ. ಸದ್ಯಕ್ಕೆ ತರಗತಿಯಲ್ಲಿ ‘ಅಳತೆ ಮಾರ್ಪಡದಿರುವಿಕೆ’ ಎನ್ನುತ್ತಿದ್ದೇನೆ. ಉದ್ದವಾಯಿತು, ಆದರೆ ಮತ್ತೆ ವಿವರಿಸುವ ಕೆಲಸ ತಪ್ಪುತ್ತದೆ.

ಜೊತೆಗೆ ಇನ್ನೊಂದು ಸಂದೇಹ. ಮಗುವನ್ನು ‘ಯಾವುದು ಜಾಸ್ತಿ?’ ಎಂದು ಕೇಳುವುದೋ, ‘ಯಾವುದರಲ್ಲಿ ಹೆಚ್ಚು ಮಜ್ಜಿಗೆ ಇದೆ?’ ಎಂದೋ? ಮೊದಲನೆಯದನ್ನು ಮಗು ಎತ್ತರದ ಪ್ರಶ್ನೆ ಎಂದು ತಿಳಿದುಕೊಂಡೀತು. ಒಂದೇ ಪ್ರಶ್ನೆಯನ್ನು ದೊಡ್ಡವರು ಎರಡು ಸಲ ಕೇಳಿದರೆ ಮೊದಲ ಉತ್ತರ ತಪ್ಪಿರಬೇಕು ಎಂದುಕೊಳ್ಳುವ ಮಕ್ಕಳೂ ಇದ್ದಾರೆ. 1974ರಲ್ಲಿ ಮನೋವಿಜ್ಞಾನಿಗಳಾದ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್, ಒಂದೇ ಎಣಿಕೆಯ ಬಿಲ್ಲೆಗಳ ಎರಡು ಸಾಲುಗಳಲ್ಲಿ ಒಂದನ್ನು ದೊಡ್ಡವರ ಬದಲು ತುಂಟ ಕರಡಿ ಗೊಂಬೆಯ ಕೈಯಿಂದ ಕೆಡಿಸಿದಾಗ ಸರಿಯುತ್ತರ ಕೊಟ್ಟ ಮಕ್ಕಳು ಬಹಳ ಹೆಚ್ಚಿದರು.

ಮನೆಮಾತು ತುಳು ಅಥವಾ ಕೊಂಕಣಿಯಾದ ಮಕ್ಕಳಿಗೆ ಕನ್ನಡದಲ್ಲಿ ಈ ಪ್ರಶ್ನೆ ಕೇಳಿ ನೋಡಿದವರಿದ್ದರೆ, ಯಾವ ಮಾತು ಬಳಸಿದಿರಿ ತಿಳಿಸಿ. ‘ಸಂರಕ್ಷಣೆ’ಗೆ ಬದಲಿ ಪದವನ್ನೂ.