ಡಿಸ್ಕ್ ಆಪರೇಷನ್ ಆದ ಮೇಲೂ ಕಾಲು ಸೆಳೆತ: ಸ್ಕಾರ್ ಟಿಶ್ಯೂ ಇದ್ದವರು ಏನು ಮಾಡಿದಿರಿ?

ಪ್ರಶ್ನೆ: ಸೊಂಟದ ಎಲ್4-ಎಲ್5 ಮೂಳೆಗಳ ನಡುವಿನ ಡಿಸ್ಕ್ ಆಪರೇಷನ್ ಆಗಿ ವರ್ಷವಾಯಿತು. ಮೊದಮೊದಲು ಆರಾಮಾಗಿತ್ತು, ಈಗ ಎಡಗಾಲು ಮತ್ತೆ ಸೆಳೆಯುತ್ತಿದೆ. ನರದ ಸುತ್ತ ಸ್ಕಾರ್ ಟಿಶ್ಯೂ, ಅಂದರೆ ಗಾಯ ಮಾಗುವಾಗ ಕಟ್ಟುವ ಗಟ್ಟಿ ಅಂಗಾಂಶ, ಬೆಳೆದಿದೆಯಂತೆ. ಒಬ್ಬ ಡಾಕ್ಟರು ಮತ್ತೆ ಆಪರೇಷನ್ ಅನ್ನುತ್ತಾರೆ, ಇನ್ನೊಬ್ಬರು ಇಂಜೆಕ್ಷನ್. ಅನುಭವ ಇದ್ದವರು ಹೇಳಿ.

ಹಾಸನದವರು: ನನಗೂ ಸಾದಾ ಎಂಆರ್‌ಐ ನೋಡಿ ಸ್ಕಾರ್ ಅಂದರು. ತಿಂಗಳುಗಟ್ಟಲೆ ಪ್ರಿಗಾಬಲಿನ್ ಅನ್ನುವ ನರನೋವಿನ ಮಾತ್ರೆ ನುಂಗಿದೆ. ತಲೆಸುತ್ತು, ತೂಕ ಜಾಸ್ತಿ, ಪಾದ ಊದಿ ಚಪ್ಪಲಿಯೊಳಗೆ ತೂರುತ್ತಿರಲಿಲ್ಲ. ಕೊನೆಗೆ ಕಾಂಟ್ರಾಸ್ಟ್ ಔಷಧಿ ಚುಚ್ಚಿ ಎಂಆರ್‌ಐ ತೆಗೆದಾಗ ಡಿಸ್ಕ್ ಚೂರು ಮತ್ತೆ ಹೊರಬಂದಿದ್ದು ಕಂಡಿತು. ಸ್ಕಾರ್‌ನಲ್ಲಿ ರಕ್ತನಾಳ ಇರುತ್ತದೆ, ಔಷಧಿ ಹೀರಿ ಬೆಳ್ಳಗಾಗುತ್ತದೆ. ಚೂರಿನ ನಡುಭಾಗ ಕಪ್ಪಾಗೇ ಉಳಿಯುತ್ತದೆ. ಎರಡನೇ ಆಪರೇಷನ್ ಮಾಡಿಸಿದೆ, ಈಗ ಗದ್ದೆ ಬದುವಿನ ಮೇಲೆ ಓಡಾಡುತ್ತೇನೆ. ಇಂಜೆಕ್ಷನ್ನಿಗೆ ದುಡ್ಡು ಸುರಿಯಬೇಡಿ.

ಶಿವಮೊಗ್ಗದವರು: ನಿಮ್ಮದು ಡಿಸ್ಕ್ ಚೂರು ಸ್ವಾಮಿ, ತೆಗೆದರೆ ಕಡಿಮೆ ಆಗುತ್ತದೆ. ಸ್ಕಾರ್ ಇದ್ದವರಿಗೆ ಆ ಧೈರ್ಯ ತುಂಬಬೇಡಿ! ನನಗೆ ಬರೀ ಸ್ಕಾರ್ ಬಿಡಿಸಲು ಬೆನ್ನು ಕೊಯ್ದರು. ಕೊಯ್ದ ಜಾಗದಲ್ಲೇ ಮತ್ತೆ ಕಟ್ಟಿಕೊಂಡಿತು, ಈಗ ಬಲಗಾಲೂ ಉರಿಯುತ್ತದೆ. ಬಿಲ್ಲಿನ ಕಥೆ ಕೇಳಿ. ಆರೋಗ್ಯ ವಿಮೆ ಪಾಲಿಸಿಯಲ್ಲಿ ರೂಮ್ ಮಿತಿ ದಿನಕ್ಕೆ 3,000 ರೂಪಾಯಿ, ನನಗೆ ಕೊಟ್ಟ ರೂಮು 6,000. ರೂಮಿನ ವ್ಯತ್ಯಾಸ ಮಾತ್ರ ಕೊಡಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಮಿತಿ ರೂಮಿನ ಬಾಡಿಗೆಯ ಅರ್ಧ ಅಂತ, ಅದೇ ಲೆಕ್ಕದಲ್ಲಿ ವಿಮೆಯವರು ಸರ್ಜನ್ ಫೀಸು, ಥಿಯೇಟರ್ ಚಾರ್ಜು, ನರ್ಸಿಂಗ್ ಎಲ್ಲವನ್ನೂ ಅರ್ಧಕ್ಕೆ ಕತ್ತರಿಸಿದರು. ಹೆಂಡತಿಯ ಬಳೆ ಇನ್ನೂ ಅಡವಿನಲ್ಲಿದೆ.

ಹುಬ್ಬಳ್ಳಿಯವರು: ಇಂಜೆಕ್ಷನ್ ಅಂದರೆ ಎಲ್ಲವೂ ಒಂದೇ ಅಲ್ಲರಿ. ಬಾಲಮೂಳೆಯ ಹತ್ತಿರದಿಂದ ಕ್ಯಾತಿಟರ್ ಅನ್ನುವ ತೆಳ್ಳಗಿನ ಕೊಳವೆ ತೂರಿಸಿ, ಎಕ್ಸ್‌ರೇಯಲ್ಲಿ ನೋಡುತ್ತಾ, ಸ್ಕಾರ್‌ಗೆ ಅಂಟಿಕೊಂಡ ನರದ ಹತ್ತಿರವೇ ಸ್ಟಿರಾಯ್ಡ್ ಸೇರಿದ ಔಷಧಿ ಬಿಡುತ್ತಾರೆ. ಅಮೆರಿಕದ ಡಾಕ್ಟರ್ ಗೇಬರ್ ರಾಕ್ಜ್ ಅವರ ವಿಧಾನ. ಹೊಲಿಗೆ ಇಲ್ಲ. ಆದರೆ ನನಗೆ ಶುಗರ್ ಇದೆ, ಸ್ಟಿರಾಯ್ಡ್ ಬಿದ್ದ ಮೇಲೆ 300 ದಾಟಿತು, ಇನ್ಸುಲಿನ್ ಹಿಡಿಯಬೇಕಾಯಿತು. ನೋವು ಪೂರ್ತಿ ಹೋಗಿಲ್ಲ, ರಾತ್ರಿ ನಿದ್ದೆ ಬಂತು. ನನಗೆ ಅಷ್ಟು ಸಾಕು.

ಮೈಸೂರಿನವರು: ಆಪರೇಷನ್ ಆದ ಬಹುತೇಕ ಎಲ್ಲರಿಗೂ ಸ್ಕಾರ್ ಇರುತ್ತದೆ, ನೋವೇ ಇಲ್ಲದವರಿಗೂ. ರಿಪೋರ್ಟಿನಲ್ಲಿ ಕಂಡಿದ್ದಕ್ಕೆಲ್ಲ ಸೂಜಿ, ಚಾಕು ಯಾಕೆ? ನಾನು ಕುರ್ಚಿಯಲ್ಲಿ ಕೂತು ಮಂಡಿ ನಿಧಾನಕ್ಕೆ ಚಾಚಿ, ಪಾದ ಮೇಲೆತ್ತಿ ಇಳಿಸುವ ನರದ ವ್ಯಾಯಾಮದಿಂದಲೇ ಮತ್ತೆ ಕೆಲಸಕ್ಕೆ ಹೋದೆ.

ಹಾಸನದವರು: ಚೂರು ನರ ಒತ್ತುತ್ತಿರುವಾಗ ವ್ಯಾಯಾಮ ಮಾಡುತ್ತಾ ಕೂತಿದ್ದರೆ ನನ್ನ ಪಾದ ಎತ್ತಲಾಗದೆ ಸೋತೇ ಹೋಗುತ್ತಿತ್ತು.

ಮೈಸೂರಿನವರು: ಪಾದ ಸೋತರೆ, ಮೂತ್ರ ಕಟ್ಟಿದರೆ, ತೊಡೆಸಂದಿ ಜೋಮು ಹಿಡಿದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಓಡಬೇಕು. ಬೇಡ ಅಂದವರು ಯಾರು? ನಿಮ್ಮ ಕೇಸನ್ನು ಎಲ್ಲರ ಬೆನ್ನಿಗೂ ಹೊರಿಸಬೇಡಿ.

ಹುಬ್ಬಳ್ಳಿಯವರು: ಶಿವಮೊಗ್ಗದವರೇ, ರೂಮ್ ಮಿತಿ ಪಾಲಿಸಿಯಲ್ಲೇ ಬರೆದಿರುತ್ತದೆ. ಓದಿ ಸೇರಬೇಕಿತ್ತು.

ಶಿವಮೊಗ್ಗದವರು: ಮಗ್ಗಲು ತಿರುಗಲೂ ಆಗದೆ ಸ್ಟ್ರೆಚರ್ ಮೇಲಿದ್ದೆ. ಬೇರೆ ರೂಮ್ ಖಾಲಿ ಇಲ್ಲ ಅಂದರು. ಆಗ ಪಾಲಿಸಿ ಓದುತ್ತಾ ಮಲಗಬೇಕಿತ್ತಾ? ಜನರಲ್ ವಾರ್ಡ್ ಕೇಳಿದ್ದೆ, ಅದನ್ನೂ ಕೊಡಲಿಲ್ಲ. ಲಿಖಿತ ದೂರು ಕೊಟ್ಟಿದ್ದೇನೆ, ಬಿಡುವುದಿಲ್ಲ.