ಇಳಿಜಾರು ಜಾಗಕ್ಕೆ ಕೋಳಿ ಬೇಲಿ: ಯಾವ ಮೆಶ್, ಯಾವ ಕಂಬ?

ಪ್ರಶ್ನೆ: ನಮಸ್ತೆ ಸರ್, ನಮ್ಮದು ಕೊಪ್ಪದ ಹತ್ರ. ಮನೆ ಹಿಂದಿನ ಗುಡ್ಡದಲ್ಲಿ ನಾಟಿ ಕೋಳಿ ಬಿಡೋಕೆ ಬೇಲಿ ಹಾಕ್ಬೇಕು. ಉದ್ದ 60 ಅಡಿ, ಮೇಲಿನ ತುದಿಯಿಂದ ಕೆಳಗಿನ ತುದಿಗೆ 12 ಅಡಿ ಇಳಿಯುತ್ತೆ. ವೆಲ್ಡ್ ಮೆಶ್ ಹಾಕೋಣ ಅಂತಿದ್ದೀನಿ. ಇಳಿಜಾರಾದ್ರೆ ಒಂದೊಂದು ಬದಿಗೂ ಹತ್ತಡಿ ಜಾಸ್ತಿ ತಗೊಳ್ಳಿ ಅಂತಾರೆ ಅಂಗಡಿಯವ್ರು, ಹೌದಾ? ಮುಂಗುಸಿ, ಕಬ್ಬೆಕ್ಕು ಎರಡರ ಕಾಟವೂ ಇದೆ. ಕಂಬಕ್ಕೆ ಅಡಿಕೆ ಮರ ಸಾಕಾ?

ಉತ್ತರ (ಬೇಲಿ ಕೆಲಸದವರು): ಹತ್ತಡಿ ಯಾಕೆ ಮಾರಾಯ್ರೇ! 60ಕ್ಕೆ 12 ಇಳಿದ್ರೆ ನೆಲದ ಮೇಲಿನ ಅಳತೆ 61 ಅಡಿ ಚಿಲ್ಲರೆ, ಅಷ್ಟೇ. ಮೆಶ್ ಉದ್ದದ ಚಿಂತೆ ಬಿಡಿ, ಅಡಿಯ ಸಂದು ನೋಡಿ.

ವೆಲ್ಡ್ ಮೆಶ್ಶಿನ ತಂತಿ ಅಡ್ಡಕ್ಕೂ ಉದ್ದಕ್ಕೂ ಬೆಸುಗೆ ಆಗಿರುತ್ತೆ, ಓರೆಯಾಗಿ ಬಗ್ಗಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ನಿಮ್ಮ ಜಾಗದಲ್ಲಿ ಕಂಬ ಹತ್ತಡಿಗೊಂದು ನೆಟ್ರೆ ಪ್ರತಿ ಮೆಟ್ಟಿಲಿನ ಕೆಳತುದಿಯಲ್ಲಿ ಎರಡಡಿ ಸಂದು ಬೀಳುತ್ತೆ, ನಾಯಿಯೇ ನುಗ್ಗುತ್ತೆ. ಆರಡಿಗೊಂದು ನೆಟ್ರೂ ಒಂದಡಿ ಮೇಲೇ ಇರುತ್ತೆ. ಅದಕ್ಕೇ ನಾನಾದ್ರೆ ಹೆಣೆದ ತಂತಿಯ ಬಲೆ, ಅಂದ್ರೆ ಚೈನ್‌ಲಿಂಕ್ ಹಾಕ್ತೀನಿ. ಅದರ ಕಣ್ಣು ಓರೆಯಾಗೋದ್ರಿಂದ ನೆಲದ ಜೊತೆಗೇ ಇಳಿಯುತ್ತೆ. ಕಂಬ ಮಾತ್ರ ತೂಗುಗುಂಡು ಹಿಡಿದು ನೆಟ್ಟಗೇ ನೆಡಿ, ಇಳಿಜಾರಿಗೆ ವಾಲಿಸಬೇಡಿ.

ಚೈನ್‌ಲಿಂಕಿನ ಎರಡಿಂಚು ಕಣ್ಣಲ್ಲಿ ಸಣ್ಣ ಮುಂಗುಸಿ ತೂರುತ್ತೆ. ಅದಕ್ಕೆ ಬುಡದ ಎರಡಡಿಗೆ ಅರ್ಧ ಇಂಚಿನ ಮೆಶ್ ಕಟ್ಟಿ. ಹೊರಗಡೆ ನೆಲದ ಮೇಲೂ ಒಂದೂವರೆ ಅಡಿ ಅದೇ ಮೆಶ್ ಹಾಸಿ ಕಲ್ಲು ಹೇರಿ. ಪ್ರಾಣಿ ಬೇಲಿ ಬುಡದಲ್ಲೇ ಕೆರೆಯೋದು, ಕೆರೆದರೆ ಮೆಶ್ ಸಿಗಬೇಕು.

ಅಡಿಕೆ ಮರ ನಮ್ಮ ಮಳೆಗೆ ಬುಡದಲ್ಲೇ ಕುಂಬಾಗುತ್ತೆ. ಕಲ್ಲುಕಂಬ ಇಲ್ಲಾ ಜಿಐ ಪೈಪ್ ಹಾಕಿ. ಕೆಳಮೂಲೆಯ ಎರಡು ಕಂಬಕ್ಕೆ ಹೊರಗಿಂದ ಒತ್ತುಗಂಬ (ಓರೆಯಾಗಿ ಕೊಡೋ ಆಸರೆ ಕಂಬ) ಬೇಕೇ ಬೇಕು.

ಪ್ರಶ್ನೆ: ಕೆಳಮೂಲೆಗೆ ಮಾತ್ರ ಯಾಕೆ ಸರ್?

ಉತ್ತರ: ಕೋಳಿ ಕೆದರುತ್ತೆ, ಹುಲ್ಲು ಹೋಗುತ್ತೆ, ಆಷಾಢದ ಮಳೆಗೆ ಆ ಸಡಿಲ ಮಣ್ಣೆಲ್ಲ ಕೆಳಬದಿಯ ಬೇಲಿಗೆ ಬಂದು ಒತ್ತುತ್ತೆ. ಮೆಶ್ ಹೊಟ್ಟೆ ಬಿಡುತ್ತೆ, ಕಂಬ ವಾಲುತ್ತೆ. ಮೇಲ್ಬದಿಯಲ್ಲಿ ಇದರ ಉಲ್ಟಾ, ಮಣ್ಣು ಕೊಚ್ಚಿ ಹೋಗಿ ಬುಡ ಬಯಲಾಗುತ್ತೆ. ಹಾಗಾಗಿ ಕೆಳಗೆ ಒಳಬದಿಗೆ ಜಂಬಿಟ್ಟಿಗೆ ಕಲ್ಲು ಒಂದು ವರಸೆ ಇಡಿ. ಸಿಮೆಂಟ್ ಹಾಕಬೇಡಿ, ಕಲ್ಲಿನ ಸಂದಲ್ಲಿ ನೀರು ಇಳೀಬೇಕು. ಅಲ್ಲಿ ನಿಂತ ಮಣ್ಣು ಗೊಬ್ಬರ ಸೇರಿದ್ದು, ಆಗಾಗ ಎತ್ತಿ ತೋಟಕ್ಕೆ ಹಾಕಿ. ಬೇಲಿಗಿಂತ ಮೇಲೆ ಅಡ್ಡಕ್ಕೆ ಒಂದು ಚರಂಡಿ ತೆಗೆದ್ರೆ ಗುಡ್ಡದ ನೀರು ಒಳಗೇ ಬರಲ್ಲ. ಈ ಕೆಲಸ ಮೇ ತಿಂಗಳೊಳಗೆ ಮುಗಿಸಿ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಯಾಕಣ್ಣ, ಮನೆ ಕರೆಂಟಿನ ಒಂದು ವೈರ್ ಎಳೆದ್ರೆ ಮುಗೀತಲ್ಲ?

ಉತ್ತರ: ಆ ಮಾತೇ ಬೇಡ. ಲೈನ್ ಕರೆಂಟ್ ಬೇಲಿಗೆ ಕೊಡೋದು ಅಪರಾಧ. ಸಾಯೋದು ಮುಂಗುಸಿ ಒಂದೇ ಅಲ್ಲ, ಹುಲ್ಲು ಕೊಯ್ಯೋಕೆ ಬಂದ ಮನುಷ್ಯರೂ ಸಾಯ್ತಾರೆ.

ಪ್ರಶ್ನೆ: ಸರಿ ಸರ್. ಎತ್ತರ ಎಷ್ಟಿರಲಿ? ಮೇಲ್ಬದಿಗೆ ತಾಗಿಕೊಂಡೇ ಧರೆ (ಕಡಿದಾದ ಮಣ್ಣಿನ ದಿಬ್ಬ) ಇದೆ.

ಉತ್ತರ: ಆರಡಿ. ಧರೆಗೆ ತಾಗಿಸಿ ಮಾತ್ರ ಹಾಕಬೇಡಿ, ಮೂರಡಿ ಧರೆ ಆದ್ರೂ ಅದರ ಮೇಲೆ ನಿಂತ ನಾಯಿಗೆ ನಿಮ್ಮ ಆರಡಿ ಬೇಲಿ ಮೂರಡಿ ಆಗುತ್ತೆ. ನಾಲ್ಕೈದಡಿ ಈಚೆಗೆ ತನ್ನಿ. ಕಬ್ಬೆಕ್ಕು ಹೆಂಗಿದ್ರೂ ಹತ್ತಿ ಇಳಿಯುತ್ತೆ, ಅದನ್ನು ಬೇಲಿ ತಡೆಯಲ್ಲ. ಸಂಜೆ ಕೋಳಿ ಗೂಡಿಗೆ ಸೇರಿದ ಮೇಲೆ ಬಾಗಿಲು ಹಾಕಿ ಚಿಲಕ ಭದ್ರ ಮಾಡಿ.